ಗ್ಯಾರಿ ಕಿಲ್ಡಾಲ್: ದಂತಕಥೆಯ ನೆರಳಿನಲ್ಲಿ ಮರೆಯಾದ ಪ್ರತಿಭೆ

ಕಂಪ್ಯೂಟರ್ ಉದ್ಯಮದ ಚರಿತ್ರೆಯಲ್ಲಿ ಗ್ಯಾರಿ ಕಿಲ್ಡಾಲ್ ಹೆಸರು ಬಂದಾಗಲೆಲ್ಲ ಒಂದು ದಂತಕಥೆಯೂ ಬೆನ್ನಟ್ಟಿ ಬರುತ್ತದೆ. ಐಬಿಎಂ ಅಧಿಕಾರಿಗಳು ಮನೆ ಬಾಗಿಲಿಗೆ ಬಂದಾಗ ಅವರು ವಿಮಾನವೇರಿ ವಿಹರಿಸುತ್ತಿದ್ದರು, ಹಾಗಾಗಿ ಅದೃಷ್ಟಲಕ್ಷ್ಮಿ ಬಿಲ್ ಗೇಟ್ಸ್ ಅವರಿಗೆ ಒಲಿದಳು ಎಂಬುದೇ ಆ ಕಥೆ. ಸತ್ಯ ಅಷ್ಟು ಸರಳವಲ್ಲ.

1942ರ ಮೇ 19ರಂದು ಅಮೆರಿಕದ ಸಿಯಾಟಲ್‌ನಲ್ಲಿ ಜನಿಸಿದ ಕಿಲ್ಡಾಲ್ ಅವರದು ನಾವಿಕರಿಗೆ ವಿದ್ಯೆ ಕಲಿಸುವ ಶಾಲೆ ನಡೆಸುತ್ತಿದ್ದ ಮನೆತನ. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಅವರು, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯದ ಬೋಧಕರಾಗಿದ್ದರು. ಇಂಟೆಲ್‌ನ 4004 ಚಿಪ್ ಅವರ ಕೈಸೇರಿದ್ದು ಅಲ್ಲಿಯೇ. ಯಂತ್ರಗಳ ನಿಯಂತ್ರಣಕ್ಕಷ್ಟೇ ಸಾಕೆಂದು ಹಲವರು ಬಗೆದಿದ್ದ ಇಂಥ ಚಿಪ್‌ಗಳಲ್ಲಿ ಅವರು ಪೂರ್ಣ ಪ್ರಮಾಣದ ಕಂಪ್ಯೂಟರನ್ನೇ ಕಂಡರು. ಇಂಟೆಲ್‌ಗಾಗಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ರೂಪಿಸಿಕೊಟ್ಟರು.

1974ರಲ್ಲಿ ರೂಪುಗೊಂಡ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆ ಅವರ ಮಹತ್ಸಾಧನೆ. ಅದು ಬೆಳೆದಂತೆ, ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನಷ್ಟೇ ಬೇರ್ಪಡಿಸಿ ಅದಕ್ಕೆ ಬಯೋಸ್ ಎಂದು ಹೆಸರಿಟ್ಟರು. ಹೊಸ ಯಂತ್ರ ಬಂದರೆ ಆ ಭಾಗವನ್ನು ತಿದ್ದಿದರೆ ಸಾಕಾಯಿತು. ಹಲವು ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಒಂದೇ ತಂತ್ರಾಂಶ ಓಡುವಂತಾಯಿತು. ಪತ್ನಿ ಡೊರೊತಿ ಅವರೊಡನೆ ಕಟ್ಟಿದ ಡಿಜಿಟಲ್ ರಿಸರ್ಚ್ ಸಂಸ್ಥೆ ಹುಲುಸಾಗಿ ಬೆಳೆಯಿತು.

1980ರಲ್ಲಿ ಐಬಿಎಂ ತಂಡ ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಕಿಲ್ಡಾಲ್ ಸ್ವಂತ ವಿಮಾನದಲ್ಲಿ ತೆರಳಿದ್ದು ವಿಹಾರಕ್ಕಲ್ಲ, ವ್ಯವಹಾರ ನಿಮಿತ್ತ ಗ್ರಾಹಕರೊಬ್ಬರನ್ನು ಕಾಣಲು. ಪರವಾನಗಿ ಮಾತುಕತೆ ಎಂದಿನಂತೆ ಡೊರೊತಿ ಅವರ ಹೊಣೆಯಾಗಿತ್ತು. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರಿಗೆ ಸಹಿ ಹಾಕಲು ಅವರು ಹಿಂಜರಿದರು. ಮಾತುಕತೆ ಫಲಿಸಲಿಲ್ಲ. ಸಿಪಿ/ಎಂ ಮಾದರಿಯಲ್ಲೇ ಟಿಮ್ ಪ್ಯಾಟರ್ಸನ್ ರಚಿಸಿದ್ದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡು ಐಬಿಎಂಗೆ ಒದಗಿಸಿತು. ಕಿಲ್ಡಾಲ್ ಆಕ್ಷೇಪಿಸಿದ ಬಳಿಕ ಅವರ ಸಿಪಿ/ಎಂ-86 ಅನ್ನೂ ಮಾರಲು ಐಬಿಎಂ ಒಪ್ಪಿತು. ಆದರೆ ಮೈಕ್ರೋಸಾಫ್ಟ್‌ನದಕ್ಕೆ ಬೆಲೆ 40 ಡಾಲರ್, ಕಿಲ್ಡಾಲ್ ಅವರದಕ್ಕೆ 240. ಗ್ರಾಹಕರ ಆಯ್ಕೆ ಯಾವುದೆಂದು ಹೇಳಬೇಕಿಲ್ಲ.

ಕಿಲ್ಡಾಲ್ ಸುಮ್ಮನೆ ಕೂರಲಿಲ್ಲ. 1980ರ ದಶಕದಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದ ಸಹನಿರೂಪಕರಾಗಿ ಸಾಮಾನ್ಯರಿಗೆ ಕಂಪ್ಯೂಟರ್ ಪರಿಚಯಿಸಿದರು. ಸಿಡಿ-ರಾಮ್‌ನಲ್ಲಿ ವಿಶ್ವಕೋಶ ಹೊರತರುವ ಯತ್ನದಲ್ಲೂ ಮುಂಚೂಣಿಯಲ್ಲಿದ್ದರು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಕಂಪನಿಯ ಪಾಲಾಯಿತು. ತಲೆಗೆ ಬಿದ್ದ ಪೆಟ್ಟಿನಿಂದಾಗಿ 1994ರ ಜುಲೈ 11ರಂದು, 52ನೇ ವಯಸ್ಸಿನಲ್ಲಿ, ಕಿಲ್ಡಾಲ್ ಕೊನೆಯುಸಿರೆಳೆದರು.

2014ರಲ್ಲಿ ಪೆಸಿಫಿಕ್ ಗ್ರೋವ್‌ನ ಹಳೆಯ ಕಚೇರಿಯ ಮುಂದೆ ಎಂಜಿನಿಯರುಗಳ ಸಂಸ್ಥೆ ಐಇಇಇ ಸ್ಮರಣ ಫಲಕವನ್ನಿಟ್ಟಿತು. ಅದರಲ್ಲಿ ದಾಖಲಾಗಿರುವುದು ಕೈತಪ್ಪಿದ ಆ ಒಂದು ದಿನವಲ್ಲ. ಸಿಪಿ/ಎಂ ಎಂಬ ಸಾಧನೆ.