ಪತ್ರಗಳ ನಡುವೆ ಕ್ಲಾರಾ ಶೂಮನ್

ಯೂರೋ ಬರುವ ಮೊದಲು ಜರ್ಮನಿಯ ನೂರು ಮಾರ್ಕಿನ ನೋಟಿನ ಮೇಲೆ ಒಬ್ಬ ಹೆಣ್ಣುಮಗಳ ಮುಖವಿತ್ತು. ನೋಟಿನ ಹಿಂಬದಿಯಲ್ಲಿ ಒಂದು ಪಿಯಾನೊ. ಆಕೆ ಕ್ಲಾರಾ ಶೂಮನ್. ಪಾಶ್ಚಾತ್ಯ ಸಂಗೀತ ಕೇಳುವವರಲ್ಲೂ ಹಲವರಿಗೆ ಅವರು ರಾಬರ್ಟ್ ಶೂಮನ್ ಅವರ ಹೆಂಡತಿ, ಬ್ರಾಮ್ಸ್ ಅವರ ಸ್ನೇಹಿತೆ ಎಂದಷ್ಟೇ ಪರಿಚಯ. ನನಗೂ ಹಾಗೇ ಇತ್ತು. ಅವರ ಪತ್ರ, ದಿನಚರಿಗಳ ಕಥೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

ಕ್ಲಾರಾ ಹುಟ್ಟಿದ್ದು 1819ರ ಸೆಪ್ಟೆಂಬರ್ 13ರಂದು, ಲೈಪ್‌ಜಿಗ್ ನಗರದಲ್ಲಿ. ತಂದೆ ಫ್ರೀಡ್ರಿಖ್ ವೀಕ್ ಪಿಯಾನೊ ಶಿಕ್ಷಕರು, ಪಿಯಾನೊ ವ್ಯಾಪಾರವೂ ಇತ್ತು. ತಾಯಿ ಗಾಯಕಿ. ಗಂಡ ಹೆಂಡತಿ ಬೇರೆಯಾದಾಗ ಐದು ವರ್ಷದ ಮಗು ಅಲ್ಲಿನ ಕಾನೂನಿನಂತೆ ತಂದೆಯ ಪಾಲಾಯಿತು. ಮಗು ಮಾತು ಕಲಿತದ್ದೂ ಬಹಳ ತಡವಾಗಿ. ಆದರೆ ಒಂಬತ್ತನೇ ವಯಸ್ಸಿಗೇ ಲೈಪ್‌ಜಿಗ್‌ನ ಹೆಸರಾಂತ ಗೆವಾಂಡ್‌ಹೌಸ್ ವೇದಿಕೆಯಲ್ಲಿ ಪಿಯಾನೊ ನುಡಿಸಿದಳು.

ಮಗಳಿಗೆ ಎಂಟು ತುಂಬುವ ಮೊದಲೇ ತಂದೆ ಅವಳ ಹೆಸರಿನಲ್ಲಿ ಒಂದು ದಿನಚರಿ ಶುರುಮಾಡಿದರು. ಬರೆಯುತ್ತಿದ್ದವರು ಅವರೇ. ವಾಕ್ಯಗಳಲ್ಲಿ ಮಾತ್ರ ನಾನು ಎಂದರೆ ಕ್ಲಾರಾ! ತಮ್ಮನ್ನೇ ಅಪ್ಪ ಎಂದು ಕರೆದುಕೊಂಡು, ಮಗಳ ಬಾಯಿಂದ ತಮ್ಮನ್ನೇ ಹೊಗಳಿಸಿಕೊಂಡದ್ದೂ ಉಂಟು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಇನ್ನೊಬ್ಬರ ಲಾಗಿನ್ ಹಾಕಿಕೊಂಡು ಕೆಲಸ ಮಾಡಿದ ಹಾಗೆ. ಆದರೂ ಆ ಮನುಷ್ಯನನ್ನು ಖಳನಾಯಕ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಹೆಣ್ಣುಮಗುವಿಗೆ ಸ್ವರಸಂಯೋಜನೆಯನ್ನು ಕ್ರಮವಾಗಿ ಕಲಿಸಿದ ತಂದೆಯರು ಆಗ ಎಷ್ಟು ಜನ ಇದ್ದರು? ಹದಿಮೂರರಲ್ಲಿ ಬರೆಯಲು ಶುರುಮಾಡಿದ ಪಿಯಾನೊ ಕಾನ್ಸರ್ಟೊವನ್ನು ಕ್ಲಾರಾ ಹದಿನಾರರಲ್ಲಿ, 1835ರಲ್ಲಿ, ತಾವೇ ನುಡಿಸಿದರು. ವಾದ್ಯವೃಂದ ನಡೆಸಿದವರು ಮೆಂಡೆಲ್ಸನ್.

ಪಾಠಕ್ಕೆಂದು 1830ರಲ್ಲಿ ಆ ಮನೆಗೆ ಬಂದ ರಾಬರ್ಟ್, ಕ್ಲಾರಾಗಿಂತ ಒಂಬತ್ತು ವರ್ಷ ದೊಡ್ಡವರು. 1837ರಲ್ಲಿ ಇಬ್ಬರೂ ಮದುವೆಯ ಮಾತು ಕೊಟ್ಟುಕೊಂಡಾಗ ತಂದೆ ಸುತರಾಂ ಒಪ್ಪಲಿಲ್ಲ. ಅಲ್ಲಿಂದ ಪತ್ರಗಳ ಕಾಲ. ಸ್ನೇಹಿತರ ಕೈಯಲ್ಲಿ ಗುಟ್ಟಾಗಿ ಸಾಗುತ್ತಿದ್ದ ಪತ್ರಗಳವು. ತಂದೆಯೊಡನೆ ಕಛೇರಿ ಪ್ರವಾಸದಲ್ಲಿದ್ದಾಗ ಕ್ಲಾರಾ ನಿಂತುಕೊಂಡೇ, ಬೀರುವಿನ ಮೇಲೆ ಕಾಗದವಿಟ್ಟು, ಲೇಖನಿ ಅದ್ದಲು ಪ್ರತಿಸಲ ಪಕ್ಕದ ಕೋಣೆಗೆ ಓಡಿ ಬರೆದದ್ದುಂಟು. ತಂದೆಯ ಕಣ್ತಪ್ಪಿಸಿ, ತಮ್ಮದೇ ಮಾತಿನಲ್ಲಿ ಬರೆದ ಬರಹ ಅದು. ಕೊನೆಗೆ ಜೋಡಿ ನ್ಯಾಯಾಲಯಕ್ಕೆ ಹೋಯಿತು. ಒಪ್ಪಿಗೆ ಸಿಕ್ಕಿ, 1840ರ ಸೆಪ್ಟೆಂಬರ್ 12ರಂದು, ಕ್ಲಾರಾಗೆ ಇಪ್ಪತ್ತೊಂದು ತುಂಬುವ ಹಿಂದಿನ ದಿನ, ಮದುವೆ ನಡೆಯಿತು.

ಹೊಸ ಸಂಸಾರದಲ್ಲಿ ಮತ್ತೊಂದು ದಿನಚರಿ. ಈ ಸಲ ಗಂಡ ಹೆಂಡತಿ ವಾರಕ್ಕೊಬ್ಬರಂತೆ ಬರೆಯಬೇಕೆಂಬ ಒಪ್ಪಂದ. 1841ರಲ್ಲಿ ಇಬ್ಬರ ಹೆಸರಿನಲ್ಲೂ ಹನ್ನೆರಡು ಹಾಡುಗಳ ಸಂಪುಟ ಬಂತು. ಅದರಲ್ಲಿ ಮೂರು ಕ್ಲಾರಾ ಅವರವು, ಆದರೆ ಯಾವುದು ಯಾರದೆಂದು ನಮೂದಿಸಿರಲಿಲ್ಲ. ರಾಬರ್ಟ್ ಬರೆಯಲು ಕೂತರೆ ಮನೆಯಲ್ಲಿ ಸದ್ದಾಗುವಂತಿಲ್ಲ, ಹಾಗಾಗಿ ಕ್ಲಾರಾ ಅವರ ಸಾಧನೆ ನಿಲ್ಲುತ್ತಿತ್ತು. ಎಂಟು ಹೆರಿಗೆಗಳ ನಡುವೆಯೂ ಕಛೇರಿ ಬಿಡಲಿಲ್ಲ, ಏಕೆಂದರೆ ಮನೆಗೆ ಆ ಹಣ ಬೇಕಿತ್ತು. 1849ರಲ್ಲಿ ಡ್ರೆಸ್ಡೆನ್‌ನಲ್ಲಿ ದಂಗೆಯಾದಾಗ ತುಂಬು ಗರ್ಭಿಣಿ ಕ್ಲಾರಾ, ಊರಲ್ಲೇ ಉಳಿದಿದ್ದ ಮಕ್ಕಳನ್ನು ಕರೆತರಲು ರಾತ್ರಿ ವೇಳೆ ಮತ್ತೆ ಊರೊಳಗೆ ಹೋದರು. ಹೆಣ್ಣು ಸಂಗೀತ ರಚಿಸಲು ಆಸೆಪಡಬಾರದೇನೋ ಎಂಬ ಅನುಮಾನ ಮದುವೆಗೆ ಮೊದಲೇ ಅವರ ದಿನಚರಿಯಲ್ಲಿ ಬಂದುಹೋಗಿತ್ತು. ಅದೇ ಕೈ 1846ರಲ್ಲಿ ಒಂದು ಸೊಗಸಾದ ಪಿಯಾನೊ ಟ್ರಯೊ ಬರೆಯಿತು. 1853ರ ಬೇಸಿಗೆಯಲ್ಲಂತೂ ಒಂದರ ಹಿಂದೊಂದು ಕೃತಿ.

ಆಮೇಲೆ ನಿಂತೇಹೋಯಿತು.

1854ರ ಫೆಬ್ರವರಿಯಲ್ಲಿ, ಮನಸ್ಸಿನ ಕಾಯಿಲೆ ಉಲ್ಬಣಿಸಿದ ರಾಬರ್ಟ್ ರೈನ್ ನದಿಗೆ ಹಾರಿದರು. ಬದುಕಿಸಿ, ಬಾನ್ ಬಳಿಯ ಎಂಡೆನಿಕ್ ಚಿಕಿತ್ಸಾಲಯಕ್ಕೆ ಸೇರಿಸಿದರು. ಪತ್ನಿಯ ಭೇಟಿಗೆ ವೈದ್ಯರು ಬಿಡಲಿಲ್ಲ. ಕೆಲವು ತಿಂಗಳ ನಂತರ ರಾಬರ್ಟ್ ಕೈಯಿಂದ ಪತ್ರ ಬರಲು ಶುರುವಾಯಿತು, ಅಷ್ಟೇ ಆಸರೆ. ಮುಖ ನೋಡಿದ್ದು ಎರಡೂವರೆ ವರ್ಷಗಳ ಬಳಿಕ, 1856ರ ಜುಲೈನಲ್ಲಿ, ಅವರು ತೀರಿಕೊಳ್ಳುವ ಎರಡು ದಿನ ಮೊದಲು.

ಆ ದಿನಗಳಲ್ಲಿ ಬೆನ್ನಿಗೆ ನಿಂತವರು ಇಪ್ಪತ್ತರ ಆಸುಪಾಸಿನ ಬ್ರಾಮ್ಸ್. ಅವರಿಬ್ಬರ ನಡುವೆ ಏನಿತ್ತು ಎಂದು ಜನ ಇಂದಿಗೂ ಕೆದಕುತ್ತಾರೆ. ನನಗೆ ಮುಖ್ಯವೆನಿಸಿದ್ದು ಬೇರೆ. ಕ್ಲಾರಾ ಏಳು ಮಕ್ಕಳ ಹೊಟ್ಟೆಪಾಡಿಗೆ ಊರೂರು ತಿರುಗುತ್ತಿದ್ದಾಗ ಮನೆಯ ಖರ್ಚಿನ ಲೆಕ್ಕಪುಸ್ತಕ ಬರೆದಿಟ್ಟವರೂ ಇದೇ ಬ್ರಾಮ್ಸ್! ಮುಂದೆ ತಮ್ಮ ಹೊಸ ರಚನೆಗಳನ್ನು ಅಭಿಪ್ರಾಯಕ್ಕಾಗಿ ಕ್ಲಾರಾಗೆ ಕಳಿಸುತ್ತಿದ್ದರು. ಪತ್ರ ವ್ಯವಹಾರ ನಲವತ್ತು ವರ್ಷ ದಾಟಿತು.

1878ರಲ್ಲಿ ಫ್ರಾಂಕ್‌ಫರ್ಟ್‌ನ ಹೊಸ ಸಂಗೀತ ಶಾಲೆ ಹೋಖ್ ಕನ್ಸರ್ವೇಟರಿ ಅವರನ್ನು ಪಿಯಾನೊ ಅಧ್ಯಾಪಕಿಯಾಗಿ ಕರೆಯಿತು. ಅವರ ಷರತ್ತು ನೋಡಿ: ಪಾಠ ತಮ್ಮ ಮನೆಯಲ್ಲೇ, ದಿನಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ ನಾಲ್ಕು ತಿಂಗಳ ರಜೆ, ಚಳಿಗಾಲದಲ್ಲಿ ಕಛೇರಿಗೆ ಬಿಡುವು, ಜೊತೆಗೆ ಇಬ್ಬರು ಸಹಾಯಕರು. ಸಹಾಯಕರೆಂದರೆ ಹೆಣ್ಣುಮಕ್ಕಳಾದ ಮೇರಿ ಮತ್ತು ಯೂಜೀನಿ. ವರ್ಕ್ ಫ್ರಮ್ ಹೋಮ್ ಕೇಳಲು ನಾವು ಇಂದಿಗೂ ಹತ್ತು ಸಲ ಯೋಚಿಸುತ್ತೇವೆ! ಶಾಲೆ ಒಪ್ಪಿತು. 1892ರವರೆಗೆ ಕಲಿಸಿದರು. ಇಂಗ್ಲೆಂಡಿನಿಂದಲೂ ಶಿಷ್ಯರು ಬಂದರು. ಅದೇ ವರ್ಷಗಳಲ್ಲಿ ಮಗ ಫೆಲಿಕ್ಸ್, ಆಮೇಲೆ ಫರ್ಡಿನಾಂಡ್ ತೀರಿಕೊಂಡರು, ಫರ್ಡಿನಾಂಡ್‌ನ ಮಕ್ಕಳ ಭಾರವೂ ಅಜ್ಜಿಯ ಮೇಲೆ ಬಿತ್ತು.

ಯಾವುದು ಉಳಿಯಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಸರದಿ ಈಗ ಕ್ಲಾರಾ ಅವರದು. 1885ರಲ್ಲಿ ರಾಬರ್ಟ್ ಅವರ ಯೌವನದ ಪತ್ರಗಳನ್ನು ಆರಿಸಿ ಪ್ರಕಟಿಸಿದರು. ಗಂಡನ ಕೃತಿಗಳ ಸಂಪುಟಗಳನ್ನೂ ಸಂಪಾದಿಸಿದರು. ಆದರೆ ಅವರ ಕೊನೆಗಾಲದ ಚೆಲ್ಲೊ ರಚನೆಗಳು ಸಮಾಧಾನ ತರಲಿಲ್ಲವೆಂದು ಬೆಂಕಿಗೆ ಹಾಕಿದರು. ಅದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಗಂಡನ ಹೆಸರಿಗಾಗಿ ಇಷ್ಟೆಲ್ಲ ಮಾಡಿದವರು ತಮ್ಮ ಸಂಗೀತಕ್ಕಾಗಿ ಇದರ ಕಾಲುಭಾಗವನ್ನೂ ಮಾಡಿಕೊಳ್ಳಲಿಲ್ಲವಲ್ಲ!

1887ರಲ್ಲಿ ಕ್ಲಾರಾ ಮತ್ತು ಬ್ರಾಮ್ಸ್ ಪರಸ್ಪರರ ಪತ್ರಗಳನ್ನು ಹಿಂದಿರುಗಿಸಿಕೊಂಡರು. ಅನೇಕ ಪತ್ರಗಳು ನಾಶವಾದವು. ಕ್ಲಾರಾ ಕೂಡ ತಮ್ಮವನ್ನು ನಾಶಮಾಡತೊಡಗಿದಾಗ ಹಿರಿಮಗಳು ಮೇರಿ ಬೇಡಿಕೊಂಡು ತಡೆದಳು. ಕ್ಲಾರಾ 1896ರ ಮೇ 20ರಂದು ತೀರಿಕೊಂಡರು, ಬಾನ್‌ನಲ್ಲಿ ರಾಬರ್ಟ್ ಪಕ್ಕದಲ್ಲೇ ಸಮಾಧಿ. ಬ್ರಾಮ್ಸ್ ಹೋದದ್ದು ಮರುವರ್ಷ ಏಪ್ರಿಲ್‌ನಲ್ಲಿ. ಉಳಿದ ಪತ್ರಗಳು 1927ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು. ಆಗ ಮೇರಿಗೆ ಎಂಬತ್ತೈದು ದಾಟಿತ್ತು.