ಕಂಪ್ಯೂಟರ್‌ಗಳಿಗೆ ಒಂದೇ ಭಾಷೆ ಕೊಡಿಸಿದ ಗ್ರೇಸ್ ಹಾಪರ್

ಒಂದು ಕಂಪನಿಯ ಕಂಪ್ಯೂಟರಿಗೆ ಬರೆದ ಪ್ರೋಗ್ರಾಂ ಇನ್ನೊಂದು ಕಂಪನಿಯ ಯಂತ್ರದಲ್ಲಿ ನಡೆಯದ ಕಾಲವೊಂದಿತ್ತು. ಯಂತ್ರ ಬದಲಾಯಿಸಿದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಮಾರುವವನಿಗೆ ಇದು ಲಾಭ, ಕೊಂಡವನಿಗೆ ಕೊರಳ ಹಗ್ಗ. ಆ ಹಗ್ಗ ಸಡಿಲಿಸಿದವರಲ್ಲಿ ಪ್ರಮುಖರು ಅಮೆರಿಕದ ಗ್ರೇಸ್ ಹಾಪರ್.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಜನನ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್. ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ಮಹಾಯುದ್ಧದ ವೇಳೆ ನೌಕಾಪಡೆ ಸೇರಿ, 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಯಂತ್ರದ ಕೆಲಸಕ್ಕೆ ನೇಮಕಗೊಂಡರು. 1949ರಲ್ಲಿ ಯುನಿವ್ಯಾಕ್ ತಯಾರಿಸುವ ಕಂಪನಿ ಸೇರಿ, ಇಂಗ್ಲಿಷ್ ಶಬ್ದಗಳಲ್ಲೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ರೂಪಿಸಿದರು.

ಆದರೆ ಐಬಿಎಂ, ಹನಿವೆಲ್ ಕಂಪನಿಗಳೂ ತಮ್ಮದೇ ಭಾಷೆ ಸಿದ್ಧಪಡಿಸುತ್ತಿದ್ದವು. 1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿತು. ಎಲ್ಲರಿಗೂ ಸಲ್ಲುವ ಭಾಷೆ ರೂಪಿಸಲು ನೇಮಿಸಿದ ಸಮಿತಿಯಲ್ಲಿ ಆರು ತಯಾರಕರು, ಮೂರು ಸರ್ಕಾರಿ ಸಂಸ್ಥೆಗಳು. ಖಾಸಗಿ ಗ್ರಾಹಕರಿಗೆ ಜಾಗವೇ ಇರಲಿಲ್ಲ! ಹಾಪರ್ ಆ ಸಮಿತಿಯ ಸದಸ್ಯೆಯಲ್ಲ, ಮೇಲ್ಮಂಡಳಿಯ ಸಲಹೆಗಾರ್ತಿ. ಅತ್ತ ಮಾರುವ ಕಂಪನಿಯ ನೌಕರಿ, ಇತ್ತ ನೌಕಾಪಡೆಯ ಮೀಸಲು ಅಧಿಕಾರಿ; ಎರಡು ಕಡೆಯ ಮಾತೂ ಅವರಿಗೆ ಗೊತ್ತಿತ್ತು.

ಜಗ್ಗಾಟ ಎಷ್ಟಿತ್ತೆಂದರೆ, ಬೇಸತ್ತ ಸದಸ್ಯರೊಬ್ಬರು ಭಾಷೆಯ ಹೆಸರು ಕೆತ್ತಿಸಿದ ಗೋರಿಕಲ್ಲನ್ನೇ ರಕ್ಷಣಾ ಇಲಾಖೆಯ ಅಧಿಕಾರಿಗೆ ಕಳುಹಿಸಿದರು. ಗೋರಿ ಸೇರದೆ ಬದುಕಿದ ಆ ಭಾಷೆಯೇ ಕೋಬಾಲ್. ಅದಕ್ಕೆ ಮುಖ್ಯ ಆಧಾರ ಫ್ಲೋ-ಮ್ಯಾಟಿಕ್. 1960ರ ಡಿಸೆಂಬರಿನಲ್ಲಿ ಆರ್‌ಸಿಎ ಮತ್ತು ಯುನಿವ್ಯಾಕ್ ಯಂತ್ರಗಳೆರಡರಲ್ಲೂ ಒಂದೇ ಪ್ರೋಗ್ರಾಂ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ನಡೆಯಿತು. ಕೋಬಾಲ್ ಇಲ್ಲದ ಯಂತ್ರವನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲವೆಂದು ರಕ್ಷಣಾ ಇಲಾಖೆ ಹೇಳಿದ ಮೇಲಂತೂ ಕಂಪನಿಗಳು ದಾರಿಗೆ ಬಂದವು. ಒಪ್ಪಂದಕ್ಕಿಂತ ದೊಡ್ಡ ಗಿರಾಕಿಯ ಹಣದ ಚೀಲವೇ ಹೆಚ್ಚು ಕೆಲಸ ಮಾಡಿತು ಎನ್ನಬೇಕು.

ಆದರೂ ಪ್ರತಿ ಕಂಪನಿ ತನ್ನದೇ ಒಗ್ಗರಣೆ ಸೇರಿಸತೊಡಗಿತು. ಹೆಸರು ಒಂದೇ, ಮಾತು ಬೇರೆ. ಗಡಿಯೂರುಗಳಲ್ಲಿ ಒಂದೇ ಭಾಷೆ ಊರಿಗೊಂದು ಬಗೆಯಾಗುವಂತೆ! 1966ರಲ್ಲಿ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾಪಡೆ 1967ರಲ್ಲಿ ಆರು ತಿಂಗಳಿಗೆಂದು ಮತ್ತೆ ಕರೆಯಿತು. ಕೋಬಾಲ್ ಹೆಸರಿನಲ್ಲಿ ಮಾರುವ ತಂತ್ರಾಂಶ ನಿಜಕ್ಕೂ ನಿಯಮದಂತಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ಅವರ ತಂಡ ಸಿದ್ಧಪಡಿಸಿತು. 1968ರಲ್ಲಿ ಅಮೆರಿಕದ ಅಧಿಕೃತ ಮಾನದಂಡವೂ ಬಂತು.

ಆರು ತಿಂಗಳ ಆ ಕರೆ ಹೆಚ್ಚುಕಡಿಮೆ ಎರಡು ದಶಕ ಎಳೆಯಿತು. 1986ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ ಅವರಿಗೆ 79 ವರ್ಷ. 1992ರ ಜನವರಿ 1ರಂದು ನಿಧನರಾದರು.