ಮುದ್ದಣ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಡ್ರಿಲ್ ಮಾಡಿಸುವ ಮೇಷ್ಟ್ರನ್ನು ನೀವು ದಿನವೂ ನೋಡುತ್ತೀರಿ. ಅಂಥ ಒಬ್ಬ ಡ್ರಿಲ್ ಮೇಷ್ಟ್ರು ಕನ್ನಡದ ದೊಡ್ಡ ಕವಿಯಾದ. ಆದರೆ ಅವನು ಬದುಕಿರುವವರೆಗೆ ಆ ಸಂಗತಿ ಓದುಗರಿಗೆ ಗೊತ್ತೇ ಇರಲಿಲ್ಲ.

ಈಗಿನ ಉಡುಪಿ ಜಿಲ್ಲೆಯಲ್ಲಿ ಕಾರ್ಕಳದ ಕಡೆ ನಂದಳಿಕೆ ಎಂಬ ಹಳ್ಳಿಯಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮಗೆ ಆ ಊರು ಬಹಳ ದೂರ. ನಮ್ಮದು ಬಯಲು ನೆಲ. ಅಲ್ಲಿ ಮಳೆ ಹೆಚ್ಚು, ತೆಂಗು ಅಡಿಕೆಯ ತೋಟಗಳು. ನಮ್ಮ ಸುತ್ತಲೂ ತೆಲುಗು ಕೇಳಿಬರುವಂತೆ ಅಲ್ಲಿ ಸುತ್ತಲೂ ತುಳು ಕೇಳಿಬರುತ್ತದೆ. ಆ ಹಳ್ಳಿಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪ ಹುಟ್ಟಿದನು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮಗು ಮುದ್ದಾಗಿದ್ದುದರಿಂದ ಮನೆಯವರು ಮುದ್ದಣ ಎಂದು ಕರೆದರಂತೆ. ಆ ಹೆಸರೇ ಮುಂದೆ ಉಳಿಯಿತು.

ಮನೆಯಲ್ಲಿ ಬಡತನ. ಹೆಚ್ಚು ಓದಲು ಆಗಲಿಲ್ಲ. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದನು. ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಶಾಲೆಯ ಮಕ್ಕಳಿಗೆ ವ್ಯಾಯಾಮ ಕಲಿಸಿದನು. ಉಡುಪಿಯಲ್ಲಿ ಕನ್ನಡ ಪಂಡಿತರಾಗಿದ್ದ ಮಳಲಿ ಸುಬ್ಬರಾಯರ ಒಡನಾಟ ದೊರೆಯಿತು. ಹಳೆಯ ಕಾವ್ಯಗಳ ರುಚಿ ಹತ್ತಿತು. ಮೊದಲು ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದನು. 1893ರಲ್ಲಿ ಕಮಲಾಬಾಯಿಯೊಡನೆ ಮದುವೆಯಾಯಿತು.

ಆ ಕಾಲದಲ್ಲಿ ಹಳೆಯ ಕವಿಗಳಿಗೆ ತುಂಬ ಮರ್ಯಾದೆ. ಓಲೆಗರಿಯಲ್ಲಿ ಸಿಕ್ಕ ಕಾವ್ಯವೆಂದರೆ ಪಂಡಿತರು ಆಸೆಯಿಂದ ಓದುತ್ತಿದ್ದರು. ಹಳ್ಳಿಯ ಡ್ರಿಲ್ ಮೇಷ್ಟ್ರು ಬರೆದದ್ದು ಎಂದರೆ ಯಾರು ಓದುತ್ತಾರೆ? ಈ ಅಳುಕಿನಿಂದಲೋ ಸಂಕೋಚದಿಂದಲೋ ಮುದ್ದಣ ಒಂದು ಉಪಾಯ ಮಾಡಿದನು. ತಾನೇ ಹಳಗನ್ನಡದಲ್ಲಿ ಕಾವ್ಯ ಬರೆದು, ಇದು ತನಗೆ ದೊರೆತ ಹಳೆಯ ಗ್ರಂಥ ಎಂದು ಹೇಳಿ, ಹಳೆಯ ಕಾವ್ಯಗಳನ್ನು ಅಚ್ಚು ಮಾಡುತ್ತಿದ್ದ ಮೈಸೂರಿನವರಿಗೆ ಕಳುಹಿಸಿದನು. ಅಲ್ಲಿಯ ವಿದ್ವಾಂಸರು ನಂಬಿದರು. ಅದ್ಭುತ ರಾಮಾಯಣ 1895ರಲ್ಲಿ ಹೊರಬಂದಿತು. ಬಳಿಕ ಶ್ರೀರಾಮ ಪಟ್ಟಾಭಿಷೇಕ, ಕೊನೆಗೆ ಶ್ರೀರಾಮಾಶ್ವಮೇಧ. ಸುಳ್ಳು ಹೇಳಿದ್ದು ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ಆದರೆ ಇನ್ನೊಬ್ಬರು ಬರೆದದ್ದನ್ನು ತನ್ನದು ಎನ್ನುವವರನ್ನು ನಾವು ಕಂಡಿದ್ದೇವೆ. ಇವನು ತಾನು ಬರೆದದ್ದನ್ನೇ ತನ್ನದಲ್ಲ ಎಂದನು.

ಶ್ರೀರಾಮಾಶ್ವಮೇಧ ಒಂದು ಕುದುರೆಯ ಕಥೆ. ರಾಮನ ಪಟ್ಟಾಭಿಷೇಕಕ್ಕೆ ರಾಮಾಯಣ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಈ ಕಥೆ ಅಲ್ಲಿಂದ ಮುಂದಿನದು. ರಾಮನು ಯಾಗಕ್ಕಾಗಿ ಒಂದು ಒಳ್ಳೆಯ ಕುದುರೆಯನ್ನು ಬಿಡುತ್ತಾನೆ. ಅದು ತನಗೆ ತೋಚಿದ ಕಡೆ ಹೋಗುತ್ತದೆ. ಶತ್ರುಘ್ನನೂ ಭರತನ ಮಗ ಪುಷ್ಕಳನೂ ದಂಡು ಕಟ್ಟಿಕೊಂಡು ಅದರ ಹಿಂದೆ ನಡೆಯುತ್ತಾರೆ. ಕುದುರೆಯನ್ನು ಕಟ್ಟಿಹಾಕಿದವರು ಯುದ್ಧ ಮಾಡಬೇಕು. ಕೊನೆಗೆ ಅದನ್ನು ಕಟ್ಟುವವನು ಯಾವ ರಾಜನೂ ಅಲ್ಲ. ವಾಲ್ಮೀಕಿಯ ಆಶ್ರಮದ ಪುಟ್ಟ ಲವ. ಅದು ತನ್ನ ತಂದೆಯ ಕುದುರೆ ಎಂಬುದು ಅವನಿಗೆ ಗೊತ್ತಿಲ್ಲ.

ಈ ಕಥೆಯನ್ನು ಮುದ್ದಣ ಹೇಳಿದ ರೀತಿಯೇ ಬೇರೆ. ಪುಸ್ತಕದೊಳಗೆ ಮುದ್ದಣ ಎಂಬ ಗಂಡ, ಮನೋರಮೆ ಎಂಬ ಹೆಂಡತಿ ಇದ್ದಾರೆ. ಮಳೆಗಾಲದಲ್ಲಿ ಬೇಸರ ಕಳೆಯಲು ಒಂದು ಕಥೆ ಹೇಳು ಎಂದು ಅವಳು ಕೇಳುತ್ತಾಳೆ. ಹೇಳಿದರೆ ಏನು ಕೊಡುವೆ ಎಂದು ಅವನು ಕಾಡುತ್ತಾನೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎಂದು ಅವಳು ಪಟ್ಟು ಹಿಡಿಯುತ್ತಾಳೆ. ಅವನು ಸಂಸ್ಕೃತ ತುಂಬಿದ ಮಾತು ಶುರುಮಾಡಿದರೆ ನನಗೆ ತಿಳಿಯುವ ಕನ್ನಡದಲ್ಲಿ ಹೇಳು ಎಂದು ತಡೆಯುತ್ತಾಳೆ. ಕಥೆ ನಡೆಯುತ್ತಿರುವಾಗಲೂ ನಡುವೆ ಬಾಯಿ ಹಾಕುತ್ತಾಳೆ. ಹಿಡಿಸಿದರೆ ಮೆಚ್ಚುತ್ತಾಳೆ, ಹಿಡಿಸದಿದ್ದರೆ ಕೆಣಕುತ್ತಾಳೆ. ಓದುಗರು ಏನು ಹೇಳಬಹುದೋ ಅದನ್ನೆಲ್ಲ ಮನೋರಮೆಯೇ ಮೊದಲು ಹೇಳಿಬಿಡುತ್ತಾಳೆ. ಕಮಲಾಬಾಯಿಯೇ ಆ ಮನೋರಮೆ ಎಂದು ಎಷ್ಟೋ ಜನ ನಂಬುತ್ತಾರೆ.

ಆದರೆ ಮನೆಯಲ್ಲಿ ಸುಖ ಹೆಚ್ಚು ದಿನ ಇರಲಿಲ್ಲ. ಸಂಬಳ ಸಾಲದು. ಕ್ಷಯರೋಗ ಹಿಡಿಯಿತು. ಆಗ ಆ ರೋಗಕ್ಕೆ ಮದ್ದಿರಲಿಲ್ಲ. 1901ರಲ್ಲಿ, ಕೇವಲ 31ನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಚಿಕ್ಕ ಮಗನನ್ನೂ ಬಿಟ್ಟು ತೀರಿಕೊಂಡನು. ಅವನ ಪುಸ್ತಕವನ್ನು ಓದಿ ಸಂತೋಷಪಟ್ಟವರಿಗೆ ಕವಿ ಉಡುಪಿಯಲ್ಲಿಯೇ ಇದ್ದನೆಂದು ತಿಳಿಯಲಿಲ್ಲ. ಎಷ್ಟೋ ವರ್ಷಗಳ ನಂತರ ಲಕ್ಷ್ಮೀನಾರಣಪ್ಪನೇ ಮುದ್ದಣ ಎಂಬುದು ಎಲ್ಲರಿಗೂ ಗೊತ್ತಾಯಿತು. ಹೊಸಗನ್ನಡದ ಬೆಳಗನ್ನು ಮೊದಲು ಕೂಗಿ ಹೇಳಿದವನೆಂದು ಅವನನ್ನು ಮುಂಗೋಳಿ ಎಂದು ಕರೆದರು.

ಈ ಪುಸ್ತಕದ ಬಗ್ಗೆ ಓದುಗರ ಅಭಿಪ್ರಾಯ ಇಂದಿಗೂ ಒಂದೇ ಅಲ್ಲ. ಕುದುರೆಯ ಕಥೆ ಉದ್ದವಾಯಿತು, ಮುದ್ದಣ ಮನೋರಮೆಯರ ಮಾತುಕತೆಯೇ ಸೊಗಸು ಎನ್ನುವವರು ಹೆಚ್ಚು. ಶಾಲೆಯ ಪುಸ್ತಕಗಳಲ್ಲಿಯೂ ಆ ಮಾತುಕತೆಯನ್ನೇ ಸೇರಿಸುವುದು ವಾಡಿಕೆ. ಕುದುರೆ ಹೊರಗೇ ಉಳಿಯುತ್ತದೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಊರೂರು ಅಲೆದ ಆ ಕುದುರೆ ಇಲ್ಲದಿದ್ದರೆ ಮನೋರಮೆ ಯಾವುದನ್ನು ಕೇಳುತ್ತಿದ್ದಳು? ನೀವು ದೊಡ್ಡ ತರಗತಿಗೆ ಹೋದಾಗ, ಹಳಗನ್ನಡ ಸ್ವಲ್ಪ ಕಲಿತ ಮೇಲೆ, ಲವನು ಕುದುರೆಯನ್ನು ಕಟ್ಟುವ ಭಾಗವನ್ನು ಹುಡುಕಿ ಓದಿ.